ಸುಮಿತ್ರವ್ವನ ಕೆಮ್ಮು

“ಉಳದದ್ದು ಯಾರರೆ ನೋಡಿದ್ರೇನು?”

ನರಸಿಂಹ ಹೀಗೆ ಗಟ್ಟಿಯಾಗಿ ಕೇಳಿದ್ದು ಹಿತ್ತಲಿನ ನೀಲಿ ಡ್ರಮ್ಮಿನ ಮುಂದೆ ನಿಂತು. ಡ್ರಮ್ಮಿನ ತಳ ಕಾಣುತ್ತಿದ್ದುದರಿಂದ ಪ್ರಶ್ನೆ ಒಳಗೆ ಬಿದ್ದು, ಒಂದು ಸುತ್ತು ಹೊರಳಿ, ಅವನದಕ್ಕಿಂತ ದಪ್ಪವಾದ ದನಿಯಲ್ಲಿ ಅವನಿಗೇ ಮರಳಿ ಬಂತು. ಉತ್ತರ ಹೇಳುವವರು ಅಲ್ಲಿ ಯಾರೂ ಇರಲಿಲ್ಲ; ಒಂದು ತುಳಸಿ, ಒಂದು ಒಗೆಯುವ ಕಲ್ಲು, ಎಂಟ್ಹತ್ತು ದಿನಕ್ಕೊಮ್ಮೆ ಮಾತ್ರ ಬಾಯಿ ಬಿಡುವ ನಳ, ಇಷ್ಟೇ. ಚರಿಗೆ ಅದ್ದಿ ಮುಖಕ್ಕೆ ನೀರು ಹಾಕಿಕೊಳ್ಳಬೇಕೆಂದವನು ಕೈ ತಡೆದ. ಇದು ಆವತ್ತಿನ ನೀರು. ಆವತ್ತು ಮಗ್ಗದವರ ಓಣಿಯಲ್ಲಿ ನಡೆದಿದ್ದ ನಾಟಕವನ್ನು ನಡುವೆಯೇ ಬಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬಂದು ಅವನು ತುಂಬಿಕೊಂಡದ್ದು ಇದೇ ನೀರು. ಅಂದಿನಿಂದ ಇದರಲ್ಲೇ ಮುಖ ತೊಳೆಯುತ್ತಿದ್ದಾನೆ, ಇದರಲ್ಲೇ ಸಂಧ್ಯಾವಂದನೆ, ಇದರಲ್ಲೇ ಚಹಾ. ಕುಡಿದಷ್ಟೂ ಗಂಟಲಿನಲ್ಲಿ ಏನೋ ಸಿಕ್ಕಿಕೊಂಡ ಹಾಗೆ; ಕೆಮ್ಮಬೇಕೆನಿಸುತ್ತದೆ, ಕೆಮ್ಮಲು ಅಂಜಿಕೆ.

“ಯಾರ ಜೋಡಿ ಮಾತಾಡ್ಲಿಕ್ಹತ್ತೀಯೋ?” ಒಳಗಿನಿಂದ ತಾಯಿ ಜಾನಕೀಬಾಯಿ ಕೇಳಿದರು.

“ಡ್ರಮ್ಮಿನ ಜೋಡಿ.”

“ಮಾತಾಡು. ಹೆಂಗೂ ಖಾಲಿ ಅದ, ನಿನ್ನ ಮಾತು ಹಿಡಸ್ತದ. ಇವತ್ತ ನೀರು ಬರೂ ದಿನ, ನೆನಪಿರ್ಲಿ. ನಾಟಕ ಗೀಟಕ ಅಂತ ಎಲ್ಲೆರೆ ಕೂತ್ಗೀತಿ.”

ನರಸಿಂಹನ ಕೆಲಸವನ್ನು ಹೊರಗಿನವರಿಗೆ ಹೇಳಬೇಕಾದರೆ ಸ್ವಲ್ಪ ಉದ್ದವಾಗುತ್ತದೆ. ಕ್ಷಯದ ಬಗ್ಗೆ ಜನರಿಗೆ ತಿಳಿಸುವ ಒಂದು ಸಂಸ್ಥೆ. ಆ ಸಂಸ್ಥೆಗೆ ಗದಗ-ಬೆಟಗೇರಿಯ ಬಡವರ ಓಣಿಗಳಲ್ಲಿ ಮನೆಮನೆಗೆ ಹೋಗಿ ಹೇಳುವ ಹೆಂಗಸರು ಬೇಕು. ಆ ಹೆಂಗಸರಿಗೆ ಹೇಳುವುದು ಹೇಗೆಂದು ಹೇಳಿಕೊಡುವವನು ಇವನು. ಹೇಳುವವರಿಗೆ ಹೇಳುವವ. “ಪುರಾಣಿಕರ ಮಗ ಪುರಾಣಿಕನ ಆದಂಗಾತು, ದೇವರ ಬದ್ಲಿ ಕಫ,” ಎಂದು ತಾಯಿ ಒಮ್ಮೆ ಅಂದಿದ್ದರು. ಮಾತು ಚುಚ್ಚಿದರೂ ಸುಳ್ಳಾಗಿರಲಿಲ್ಲ. ತರಬೇತಿಯಲ್ಲಿ ಶ್ವಾಸಕೋಶದ ಚಿತ್ರ ಬಿಚ್ಚಿ ತೋರಿಸುವಾಗ ಅವನ ದನಿ ತಾನಾಗಿಯೇ ರಾಗಕ್ಕೆ ಹತ್ತಿಬಿಡುತ್ತಿತ್ತು. ಎರಡು ವಾರ ಬಿಡದ ಕೆಮ್ಮು, ಸಂಜೆಯಾದರೆ ಏರುವ ಜ್ವರ, ದಿನದಿನಕ್ಕೆ ಇಳಿಯುವ ಮೈ, ಎಂದು ಅವನು ಎಳೆದು ಹೇಳುತ್ತಿದ್ದರೆ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. “ಮಾಸ್ತರ್ರ, ಕೈ ಮುಗೀಬೇಕೇನ್ರಿ?” ಎಂದು ನಾಗರತ್ನಾ ಕೇಳುತ್ತಿದ್ದಳು. ಚಿತ್ರವನ್ನು ಕಣ್ಣು ಕಿರಿದು ಮಾಡಿ ನೋಡಿದ ಸುಮಿತ್ರವ್ವ, “ಎಣಗಾಯಿಗೆ ಸೀಳಿದ ಬದನಿಕಾಯಿ ಇದ್ದಂಗ ಐತಲ್ರಿ,” ಅಂದಿದ್ದಳು. ಅಂದಿನಿಂದ ಆ ಗುಂಪಿನಲ್ಲಿ ಶ್ವಾಸಕೋಶಕ್ಕೆ ಬದನೆಕಾಯಿ ಎಂದೇ ಹೆಸರು. ಯಾರಾದರೂ ದಣಿದು ಬಂದರೆ “ಬದನಿಕಾಯಿ ಆರಾಮ ಐತೇನ?” ಎಂದು ಕೇಳುವುದು ರೂಢಿಯಾಗಿಹೋಯಿತು.

ಸುಮಿತ್ರವ್ವನನ್ನು ರೋಗಿಯ ಪಾತ್ರಕ್ಕೆ ಆರಿಸಿದವನು ಅವನೇ. ಮಾತು ಸಾಕು, ಓಣಿಯಲ್ಲಿ ನಾಟಕ ಆಡೋಣ ಎಂದವನೂ ಅವನೇ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೆಮ್ಮಿಸಿ ನೋಡಿದ. ನಾಗರತ್ನಾಳದು, ಮಾವ ಮನೆಯೊಳಗೆ ಬರುವಾಗ ಸೊಸೆಯರಿಗೆ ತಿಳಿಯಲೆಂದು ಕೆಮ್ಮುವ ಕೆಮ್ಮು. ಆ ವಾರ್ಡಿನ ಆಶಾ ಕಾರ್ಯಕರ್ತೆ ಫರ್ಹಾನಾ ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ನಕ್ಕುಬಿಟ್ಟಳು. ಸುಮಿತ್ರವ್ವ, ಐವತ್ತು ದಾಟಿದ ಹೆಂಗಸು, ರೊಟ್ಟಿ ಬಡಿದು ಖಾನಾವಳಿಗೆ ಕೊಡುವವಳು, ಹಣೆತುಂಬ ವಿಭೂತಿಯವಳು, ಮೊದಲು ಸುಮ್ಮನೆ ನಿಂತಳು. ಆಮೇಲೆ ಹೊಟ್ಟೆಯ ತಳದಿಂದ ಏನನ್ನೋ ಕಿತ್ತು ತೆಗೆಯುವ ಹಾಗೆ ಕೆಮ್ಮಿದಳು. ಕೆಮ್ಮುತ್ತ ಒಂದು ಕೈ ನೆಲಕ್ಕೂರಿದಳು, ಇನ್ನೊಂದು ಕೈಯಿಂದ ಸೆರಗು ಹುಡುಕಿದಳು. ಕೆಮ್ಮು ನಿಂತ ಮೇಲೆ ಸೆರಗಿನ ತುದಿ ಬಿಚ್ಚಿ ಒಮ್ಮೆ ನೋಡಿ, ಯಾರಿಗೂ ಕಾಣದಂತೆ ಮಡಚಿಕೊಂಡಳು. ಕೋಣೆಯಲ್ಲಿ ಯಾರೂ ನಗಲಿಲ್ಲ. “ಎಲ್ಲಿ ಕಲತ್ರಿ ಇದನ್ನ?” ಎಂದು ನರಸಿಂಹ ಕೇಳಿದ. “ಗಂಡನ ಊರಾಗ್ರಿ, ಅಡರಕಟ್ಟ್ಯಾಗ. ನಮ್ಮತ್ತಿ ಹಿಂಗ ಕೆಮ್ಮತಿದ್ದಳು. ದನದ ಕೊಟಗಿ ಮಗ್ಗಲಕ ಹಾಸಗಿ ಹಾಕಿ ಕೊಟ್ಟಿದ್ರು. ನಾ ಆಗ ಹೊಸಾ ಸೊಸಿ, ಗ್ವಾಡಿ ಈಚಿಕಡಿ ಮಲಗಿ ಕೇಳ್ತಿದ್ದೆ.” ಅದಕ್ಕೆ ನರಸಿಂಹ ಅಂದದ್ದು, “ಶಾಬಾಸ್!” ಹೆಸರಿಲ್ಲದ ರೋಗದಲ್ಲಿ ಸತ್ತ ಮುದುಕಿಯೊಬ್ಬಳ ಕೆಮ್ಮಿಗೆ ಶಾಬಾಸ್. ನೆನೆದಾಗಲೆಲ್ಲ ಕಿವಿಯ ಅಂಚು ಬಿಸಿಯಾಗುತ್ತದೆ. ಆದರೆ ಆ ಗಳಿಗೆಯಲ್ಲಿ ಅವನಿಗೆ ಖುಷಿಯಾದದ್ದು ಖರೆ. ಅದೇ ಇನ್ನೂ ಕೆಟ್ಟದ್ದು.

ಅವನ ಅಪ್ಪ ಹಾಗೆ ಖುಷಿಪಡುತ್ತಿರಲಿಲ್ಲ. ಅಪ್ಪ ಗುಡಿಯ ಕಲ್ಲುಮಂಟಪದಲ್ಲಿ ಪುರಾಣ ಓದುವಾಗ, ಯಾರಾದರೂ ದುಃಖಪಡುವ ಜಾಗ ಬಂದರೆ ಅವರ ದನಿಯೇ ಸಣ್ಣದಾಗಿ, ಅಲ್ಲಿಂದ ಜಲ್ದಿ ದಾಟಿಸಿಬಿಡಬೇಕೆಂಬ ಅವಸರ ಕಾಣುತ್ತಿತ್ತು. ಓದು ಶುರುಮಾಡುವ ಮೊದಲು ಇದು ಇಂಥವರ ಕಥೆ, ಇಂಥ ಕಾಲದ್ದು, ಎಂದು ಹೇಳುವುದು ಒಂದು ಕಟ್ಟಳೆ. ಅಳುವ ಜಾಗದಲ್ಲಿ ಗ್ರಂಥ ಮುಚ್ಚಬಾರದು ಎಂಬುದು ಇನ್ನೊಂದು. ಹೊತ್ತಾದರೂ ಸರಿ, ಮಳೆ ಬಂದರೂ ಸರಿ, ಅಳುವವರನ್ನು ಒಂದು ನೆರಳಿಗೆ ಮುಟ್ಟಿಸಿ, ಮಂಗಳ ಹಾಡಿ, ಆಮೇಲೆ ಮುಚ್ಚುವುದು. ಒಂದು ಸಂಜೆ ಗಾಳಿಗೆ ದೀಪ ಆರಿ, ಕರೆಂಟೂ ಹೋಗಿ, ಜನ ಎದ್ದು ನಿಂತಾಗ ಕತ್ತಲೆಯಲ್ಲೇ ಅಪ್ಪನ ದನಿ ಬಂದಿತ್ತು: “ಕೂಡ್ರಿ. ಆಕಿ ಕಾಡಿನ್ಯಾಗ ಅಳ್ಲಿಕ್ಹತ್ಯಾಳ. ಅಲ್ಲೇ ಬಿಟ್ಟು ಮನಿಗೆ ಹೋಗಿ ಹೆಂಗ ಉಣ್ತೀರಿ?” ಜನ ಕುಳಿತರು. ಅಪ್ಪ ಬಾಯಿಪಾಠದಲ್ಲೇ ಆ ರಾಣಿಯನ್ನು ಒಂದು ಆಶ್ರಮದ ಬಾಗಿಲವರೆಗೆ ನಡೆಸಿಕೊಂಡು ಹೋಗಿ, ಕುಡಿಯಲು ನೀರು ಕೊಡಿಸಿ, ಆಮೇಲೆ ಎದ್ದರು. ಹಸಿದಿದ್ದ ನರಸಿಂಹ ಮಾತ್ರ ಕಂಬಕ್ಕೊರಗಿ, ಅತ್ತರೆ ಅಳಲಿ ಬಿಡು ಎಂದುಕೊಂಡಿದ್ದ. ಮನೆಯಲ್ಲಿ ಅವತ್ತು ಚಿತ್ರಾನ್ನವಿತ್ತು.

ಮಗ್ಗದವರ ಓಣಿಯಲ್ಲಿ ಅವನು ಎರಡು ಕಟ್ಟಳೆಯನ್ನೂ ಮುರಿದ. ಇದು ನಾಟಕ ಎಂದು ಮೊದಲು ಹೇಳುವುದು ಬೇಡ, ಹೇಳಿದರೆ ಜನ ನಾಟಕ ನೋಡಿದ ಹಾಗೇ ನೋಡುತ್ತಾರೆ, ಎಂದ. ಹೆಸರೂ ಬದಲಿಸುವುದು ಬೇಡ, ನಿಮ್ಮ ನಿಮ್ಮ ಹೆಸರೇ ಇರಲಿ, ಮನಸ್ಸಿಗೆ ನಾಟುತ್ತದೆ, ಎಂದ. ನಾಟಿತು. ಬೇವಿನ ಮರದ ಕಟ್ಟೆಯ ಮೇಲೆ ಸುಮಿತ್ರವ್ವ ಅಡರಕಟ್ಟಿಯ ಕೆಮ್ಮನ್ನು ಕೆಮ್ಮಿದಾಗ ಓಣಿಯ ಮಗ್ಗಗಳು ಒಂದೊಂದಾಗಿ ನಿಂತವು, ಜನ ಹೊರಗೆ ಬಂದರು. ಫರ್ಹಾನಾ ಮುಂದೆ ಬಂದು, ನಗದೆ, ಪಾಠ ಒಪ್ಪಿಸುವವಳ ಹಾಗೆ, “ಸುಮಿತ್ರವ್ವ, ಪರೀಕ್ಷೆ ಮಾಡೇವ್ರಿ. ನಿಮಗ ಟೀಬಿ ಐತಿ,” ಅಂದಳು. ಸುಮಿತ್ರವ್ವ ಗಲ್ಲಕ್ಕೆ ಕೈ ಹಚ್ಚಿ ಅತ್ತಳು. ಮುಂದೆ ಕೂತಿದ್ದ ಮುದುಕಿಯರೂ ಅತ್ತರು. ಇಲ್ಲಿಂದ ಮುಂದೆ ಗುಳಿಗೆ ನುಂಗುವುದು, ನಾಗರತ್ನಾ ಕ್ಯಾಲೆಂಡರ್ ಹಿಡಿದು ಸುಮಿತ್ರವ್ವನ ಸುತ್ತ ಆರು ಸುತ್ತು ಬರುವುದು, ಆರು ಸುತ್ತು ಎಂದರೆ ಆರು ತಿಂಗಳು, ಸುಮಿತ್ರವ್ವ ಎದ್ದು ನಿಂತು ನಗುವುದು, ಎಲ್ಲರಿಗೂ ರೊಟ್ಟಿ ಹಂಚುವುದು, ಎಲ್ಲರೂ ತಿನ್ನುವುದು. ಎಲ್ಲ ಇತ್ತು. ಅಷ್ಟರಲ್ಲಿ ಓಣಿಯ ತುದಿಯಿಂದ ಯಾರೋ ಕೂಗಿದರು: “ನೀರು ಬಂತೂ!”

ಆಮೇಲೆ ಆದದ್ದನ್ನು ಓಟ ಎನ್ನಬಹುದು. ಕೊಡ, ಬಕೀಟು, ಪಾತ್ರೆ, ಪಂಪು, ಪೈಪು. ಅತ್ತವರು ಕಣ್ಣು ಒರೆಸಿಕೊಳ್ಳುತ್ತಲೇ ಓಡಿದರು. ಕ್ಯಾಲೆಂಡರ್ ಹಿಡಿದ ನಾಗರತ್ನಾ ಓಡಿದಳು, ಪರೀಕ್ಷೆ ಮಾಡಿದ ಫರ್ಹಾನಾ ಓಡಿದಳು. ಮತ್ತು ನರಸಿಂಹ, ಮನೆಯಲ್ಲಿ ತಾಯಿ ಒಬ್ಬರೇ, ಪಂಪು ಹಚ್ಚಲು ಅವರಿಗೆ ಬರುವುದಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತ, ಓಡಿದ. ಓಣಿಯ ತಿರುವಿನಲ್ಲಿ ಒಮ್ಮೆ ತಿರುಗಿ ನೋಡಿದ್ದ. ನಿಲ್ಲಿಸು ಎಂದು ಯಾರೂ ಹೇಳದಿದ್ದುದರಿಂದ ಕಟ್ಟೆಯ ಮೇಲೆ ಸುಮಿತ್ರವ್ವ ಇನ್ನೂ ಅಳುತ್ತ ಕೆಮ್ಮುತ್ತಿದ್ದಳು. ನೋಡುವವರಲ್ಲಿ ಉಳಿದಿದ್ದವನು ಒಬ್ಬನೇ, ಎದುರು ಮನೆಯ ಮಗ್ಗದ ತಿರಕಪ್ಪ. ಹೆಗಲ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಅಲುಗದೆ ನಿಂತಿದ್ದ.

ಹೀಗೆ ಓಣಿಗೆ ಸಿಕ್ಕಿದ್ದು ಅರ್ಧ ಕಥೆ: ರೊಟ್ಟಿ ಸುಮಿತ್ರವ್ವನಿಗೆ ಟೀಬಿ ಐತಂತ, ಆಶಾ ಕಾರ್ಯಕರ್ತೆ ಫರ್ಹಾನಾಳೇ ಎಲ್ಲರ ಮುಂದೆ ಹೇಳಿದಳು, ಪಾಪ, ಹೆಂಗ ಅತ್ತಳು. ಎರಡು ದಿನದಲ್ಲಿ ಖಾನಾವಳಿಯವನು ಅವಳ ರೊಟ್ಟಿ ನಿಲ್ಲಿಸಿದ. ಮೂರನೆಯ ದಿನದಿಂದ ಅವಳು ತರಬೇತಿಗೆ ಬರಲಿಲ್ಲ.

ಇವತ್ತೂ ಸಮುದಾಯ ಭವನದಲ್ಲಿ ಅವಳ ಜಾಗ ಖಾಲಿ ಇತ್ತು. ಯಾರೂ ಅಲ್ಲಿ ಕೂತಿರಲಿಲ್ಲ. ರೋಗದ ಅಂಜಿಕೆಯಿಂದಲೋ ಗೌರವದಿಂದಲೋ ಕೇಳುವ ಧೈರ್ಯ ನರಸಿಂಹನಿಗೆ ಬರಲಿಲ್ಲ. ಬದನೆಕಾಯಿಯ ಚಿತ್ರ ಬಿಚ್ಚಿದ. ದನಿ ರಾಗಕ್ಕೆ ಹತ್ತಲಿಲ್ಲ. “ಮಾಸ್ತರ್ರ, ಇವತ್ತ ಬಾಜಾಪೇಟಿ ತಂದಿಲ್ಲೇನ್ರಿ?” ಎಂದಳು ನಾಗರತ್ನಾ. ಎಲ್ಲರೂ ನಕ್ಕರು, ಅವನೂ ನಕ್ಕ, ತಡವಾಗಿ.

“ಇವತ್ತ ಸಂಜಿ ಐದಕ್ಕ,” ಎಂದು ಅವನು ಚಿತ್ರವನ್ನು ಮಡಚುತ್ತ ಹೇಳಿದ, “ಅದೇ ಕಟ್ಟಿ ಮ್ಯಾಲೆ ಉಳದದ್ದು ಆಡೋಣು. ಸುಮಿತ್ರವ್ವಾರು ಎದ್ದು ನಿಂತು, ನನಗೇನೂ ಆಗಿಲ್ಲ, ಅದು ನಾಟಕ ಅಂತ ಬಾಯಿಬಿಟ್ಟು ಹೇಳಲಿ. ನಾನೂ ಹೇಳ್ತೀನಿ, ತಪ್ಪು ನಂದು ಅಂತ.”

“ಅವರು ಬರಬೇಕಲ್ರೀ ಸರ್,” ಫರ್ಹಾನಾ ಅಂದಳು. “ನಾ ಹೋಗಿದ್ದೆ. ಕಫದ ಪರೀಕ್ಷೆನೂ ಮಾಡಿಸೀವಿ, ಏನೇನೂ ಇಲ್ಲ. ಗಟ್ಟಿ ಅದಾರ. ಓಣ್ಯಾಗ ಹೇಳೋಣ ಬರ್ರಿ ಅಂದ್ರ, ನೀ ಸುಮ್ನಿರ ಫರ್ಹಾನಾ, ಚಹಾ ಕುಡಿ, ಅಂದ್ರು.”

“ಸಿಟ್ಟಾಗ್ಯಾರೇನು?”

“ಸಿಟ್ಟ ಆದವ್ರು ಹಂಗ ನಗೂದಿಲ್ಲರಿ.”

ಇದು ಅವನಿಗೆ ಸಿಟ್ಟಿಗಿಂತ ಕಷ್ಟವಾಗಿ ಕಂಡಿತು. ಸಿಟ್ಟಾದವರ ಮುಂದೆ ಕೈಮುಗಿಯಬಹುದು. ನಗುವವರ ಮುಂದೆ ಏನು ಮಾಡುವುದು? ಭವನದಿಂದ ಓಣಿಗೆ ಹೋಗುವ ದಾರಿಯಲ್ಲಿ ಅವನು ಕೇಳುವ ಮಾತನ್ನು ಹೊಂದಿಸಿಕೊಂಡ, ಬಿಚ್ಚಿದ, ಮತ್ತೆ ಹೊಂದಿಸಿದ. ಸುಮಿತ್ರವ್ವಾರ, ನಿಮ್ಮ ಅನ್ನಕ್ಕ ನಾ ಕಲ್ಲು ಹಾಕಿದೆ. ಅಲ್ಲ, ಇದು ಬಹಳ ದೊಡ್ಡದಾಯಿತು. ಸುಮಿತ್ರವ್ವಾರ, ಒಂದು ಸಣ್ಣ ಕೆಲಸ. ಅಲ್ಲ, ಇದು ಬಹಳ ಸಣ್ಣದು. ಅಪ್ಪ ಹೀಗೆ ಶಬ್ದ ಹುಡುಕಿದ್ದನ್ನು ಅವನು ಕಂಡಿಲ್ಲ. ಅಪ್ಪನಿಗೆ ಎಲ್ಲ ಮೊದಲೇ ಬರೆದಿಟ್ಟಿತ್ತು, ಅಳುವುದೂ, ನೀರು ಕೊಡುವ ಆಶ್ರಮವೂ. ಪುಣ್ಯವಂತರು.

ದಾರಿಯಲ್ಲಿ, ರೊಟ್ಟಿ ನಿಲ್ಲಿಸಿದ ಹುಚ್ಚೀರಪ್ಪನ ಖಾನಾವಳಿ. ಮೊದಲು ಅಲ್ಲೇ ಮಾತಾಡಿದರೆ ಸುಮಿತ್ರವ್ವನಿಗೆ ಒಂದು ಸಿಹಿ ಸುದ್ದಿ ಒಯ್ದಂತಾಗುತ್ತದೆ ಎಂದು ಹೊಕ್ಕ. ಹುಚ್ಚೀರಪ್ಪ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಮಿರ್ಚಿ ಭಜಿಯ ತಾಟನ್ನು ಅವನ ಮುಂದೆ ಸರಿಸಿದ. ನರಸಿಂಹ ನಿಂತೇ ಹೇಳಿದ: ಅದು ನಾಟಕ, ಆಕೆಗೆ ಏನೂ ಇಲ್ಲ, ಇದ್ದರೂ ಅದು ರೊಟ್ಟಿಯಿಂದ ಹಬ್ಬುವ ರೋಗವಲ್ಲ.

ಹುಚ್ಚೀರಪ್ಪ ಬಹಳ ಪ್ರೀತಿಯಿಂದ ಕೇಳಿಸಿಕೊಂಡ. “ಮಾಸ್ತರ್ರ, ನಮ್ಮ ಅಂಗಡಿ ಮುಂದ ನಿಂತ ನೀವ ಹೇಳಿದ್ರಿ, ರೋಗ ಮುಚ್ಚಿಡಬಾರದು, ಮುಚ್ಚಿಟ್ರ ಓಣಿ ಹಾಳಾಗತೈತಿ ಅಂತ. ಹೇಳಿದ್ರೋ ಇಲ್ಲೋ?”

“ಹೇಳಿದ್ದೆ.”

“ಈಗ ನೀವ ಮುಚ್ಚಾಕತ್ತೀರಲ್ರಿ! ಆ ಯಮ್ಮಾ ಬಾಯಿಬಿಟ್ಟ ಅತ್ತಾಳ, ಮುಚ್ಚಿಟ್ಟಿಲ್ಲ. ಭಾಳ ಧೈರ್ಯದ ಹೆಣ್ಣಮಗಳು. ನೀವು ಕಲಿಸಿದ್ದನ್ನ ಆಕಿ ಮಾಡ್ಯಾಳ, ನೀವ ಅಂಜಿದ್ರ ಹೆಂಗ? ತಿನ್ರಿ, ಬಿಸಿ ಅದಾವು.”

ನರಸಿಂಹ ಭಜಿ ಕಚ್ಚಿದ. ಒಳಗಿನ ಮೆಣಸಿನಕಾಯಿ ಗಂಟಲಿಗೆ ಹೋಗಿ ನಿಂತಿತು. ಕೆಮ್ಮು ಬಂತು. ತಡೆದ, ತಡೆದದ್ದು ಇನ್ನೂ ಜೋರಾಗಿ ಬಂತು. ಮೇಜಿಗೆ ಕೈ ಊರಿ, ಕಣ್ಣಲ್ಲಿ ನೀರು ತುಂಬಿ, ಕಿಸೆಯಲ್ಲಿ ಕರವಸ್ತ್ರ ಹುಡುಕುತ್ತ ಅವನು ಕೆಮ್ಮುತ್ತಿರುವಾಗ, ಪಕ್ಕದಲ್ಲಿ ಉಣ್ಣುತ್ತಿದ್ದ ಇಬ್ಬರು ತಾಟು ಎತ್ತಿಕೊಂಡು ಗೋಡೆಯ ಕಡೆಯ ಮೇಜಿಗೆ ಹೋದದ್ದು ಮಸುಕಾಗಿ ಕಂಡಿತು. ಬಹಳ ಮರ್ಯಾದೆಯಿಂದ ಹೋದರು. ಒಬ್ಬ ಹೋಗುತ್ತ ಅವನಿಗೆ ನಮಸ್ಕಾರವನ್ನೂ ಮಾಡಿದ. ಹುಚ್ಚೀರಪ್ಪ ನೀರಿನ ಗ್ಲಾಸನ್ನು ಎರಡು ಬೆರಳಿನಿಂದ ಮುಂದೆ ತಳ್ಳಿ, “ಎಷ್ಟು ದಿನದಿಂದ ಐತ್ರೀ ಮಾಸ್ತರ್ರ?” ಎಂದು ಕೇಳಿದ. ಕೇಳಿದ ದನಿ ನರಸಿಂಹನದೇ. ತರಬೇತಿಯಲ್ಲಿ, ಪ್ರಶ್ನೆ ಹೀಗೆ ಮೆತ್ತಗೆ ಕೇಳಬೇಕು, ಎಂದು ಅವನೇ ಕಲಿಸಿದ್ದ ದನಿ, ಬಾಯಿಂದ ಬಾಯಿಗೆ ದಾಟಿ ಇಲ್ಲಿಯವರೆಗೆ ಬಂದಿತ್ತು. ಕಲಿಸಿದ್ದು ಇಷ್ಟು ಚೆನ್ನಾಗಿ ಹಬ್ಬಿದೆಯಲ್ಲ ಎಂದು ಸಂತೋಷಪಡಬೇಕೋ ಅಳಬೇಕೋ ತಿಳಿಯದೆ ಅವನು ಹೊರಗೆ ಬಂದ.

ಓಣಿಯಲ್ಲಿ ಮಗ್ಗಗಳು ನಡೆದಿದ್ದವು. ಒಂದು ಮನೆಯ ಲಾಳಿ ಓಡಿದಾಗ ಇನ್ನೊಂದು ಮನೆಯ ಹಲಗೆ ಬಡಿಯುತ್ತದೆ; ಒಳಗೆ ಹೊಕ್ಕವರ ನಡಿಗೆಯೂ ತಿಳಿಯದಂತೆ ಆ ತಾಳಕ್ಕೆ ಬೀಳುತ್ತದೆ. ಸುಮಿತ್ರವ್ವನ ಮನೆಯ ಮುಂದೆ ಅವಳ ಗಂಡ ದ್ಯಾಮಪ್ಪ ಅದೇ ಬೇವಿನ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದ.

“ಬರ್ರಿ ಮಾಸ್ತರ್ರ, ಕುಂಡ್ರಿ. ಏನ ನಾಟಕ ಕಲಿಸಿದ್ರಿಪಾ ಇಕಿಗೆ! ಮನ್ಯಾಗ ನಂದ ಪಾತ್ರ ಹೋಗೇತಿ. ಮೂವತ್ತು ವರ್ಷ ನಾ ಕೆಮ್ಮಿದ್ರ ಚಹಾ ಬರ್ತಿತ್ತು, ಈಗ ಇಕಿ ಕೆಮ್ಮಿದ್ರ ಸೊಸಿ ಕೈಲೆ ಹಾಲು ಬರ್ತೈತಿ.”

“ನಿಮ್ಮ ಸೊಸಿಗೂ ಗೊತ್ತಿಲ್ಲೇನ್ರಿ, ಇದು ನಾಟಕ ಅಂತ?”

“ಶೀತಲ್‌ಗ ಗೊತ್ತೈತಿ. ನಂಗೂ ಗೊತ್ತೈತಿ. ಆದ್ರೂ ಗ್ಲಾಸು ಬ್ಯಾರೆ ಇಟ್ಟೀನಿ ನೋಡ್ರಿ. ಕೈ ತಾನ ಇಡ್ತೈತಿ. ಮನಸ್ಸಿಗೆ ಖರೆ ಗೊತ್ತಿದ್ರ ಕೈಗೂ ಗೊತ್ತಿರಬೇಕಂತೇನಿಲ್ಲ.” ಹೇಳಿ ಅವನೇ ನಾಚಿಕೊಂಡು ಎಲೆಯ ಚಂಚಿಯ ಬಾಯಿ ಬಿಗಿದು ಒಳಗೆ ಎದ್ದುಹೋದ.

ಸುಮಿತ್ರವ್ವ ಹೊರಗೆ ಬಂದಳು. ನರಸಿಂಹ ದಾರಿಯುದ್ದಕ್ಕೂ ಊಹಿಸಿಕೊಂಡು ಬಂದಿದ್ದ ಮುಖ ಬೇರೆ, ಇದು ಬೇರೆ. ಒಲೆಯ ಮುಂದೆ ಕೂರದಿದ್ದುದರಿಂದ ಕಣ್ಣಿನ ಕೆಂಪು ಇಳಿದಿತ್ತು. ಕೈಯಲ್ಲಿ ಅರ್ಧ ತಿಂದ ಶೇಂಗಾದ ಉಂಡೆ. ಸುಮಿತ್ರವ್ವಾರ, ಎಂದು ಅವನು ಹೊಂದಿಸಿಟ್ಟುಕೊಂಡಿದ್ದ ಮಾತನ್ನು ತೆರೆಯುವಷ್ಟರಲ್ಲಿ ಓಣಿಯ ತುದಿಯಿಂದ ಕೂಗು ಬಂತು: “ನೀರು ಬಂತೂ!”

ನರಸಿಂಹನ ಕಾಲು ತಾನಾಗಿ ಮನೆಯ ಕಡೆ ತಿರುಗಿತು. ಖಾಲಿ ಡ್ರಮ್ಮು, ಪಂಪು, ತಾಯಿಯ ಬಾಯಿ, ಎಲ್ಲ ಒಂದೇ ಸಲಕ್ಕೆ ಕಣ್ಣ ಮುಂದೆ ಬಂದವು. ಅವನು ಬೇವಿನ ಕಟ್ಟೆಯ ಅಂಚನ್ನು ಹಿಡಿದುಕೊಂಡ. ಇವತ್ತು ಓಡುವುದಿಲ್ಲ. ಇಷ್ಟು ನಿರ್ಧರಿಸಿದ್ದೇ ತಡ, ತಾನೊಂದು ಪುಣ್ಯದ ಕೆಲಸ ಮಾಡಿದೆನೆಂದು ಎದೆ ಸ್ವಲ್ಪ ಉಬ್ಬಿತು; ಉಬ್ಬಿದ್ದು ತಿಳಿದು ನಾಚಿಕೆಯಾಯಿತು.

ಸುಮಿತ್ರವ್ವ ಉಂಡೆಯನ್ನು ಬಾಯಿಗೆ ಹಾಕಿಕೊಂಡು, ಕೊಡ ತೆಗೆದುಕೊಂಡು, ನಿಧಾನವಾಗಿ ನಡೆದಳು. ಸಾರ್ವಜನಿಕ ನಳದ ಮುಂದೆ ಆಗಲೇ ಕೊಡಗಳ ಗುಂಪು, ಅವುಗಳ ಮೇಲೆ ಹೆಂಗಸರ ಜಗಳ. ಅವಳು ಹತ್ತಿರ ಬಂದಂತೆ ಜಗಳ ಸಣ್ಣದಾಯಿತು. ಒಬ್ಬಳು ಸೆರಗನ್ನು ಮೂಗಿಗೆ ತಂದುಕೊಂಡಳು, ಒಬ್ಬಳು ಮಗುವನ್ನು ಸೊಂಟದ ಆಚೆಗೆ ಹೊರಳಿಸಿಕೊಂಡಳು, ಕೊಡಗಳು ಕಲ್ಲಿನ ಮೇಲೆ ಕರಕರ ಎಂದು ಸರಿದವು. ದಾರಿ ಆಯಿತು. ಸುಮಿತ್ರವ್ವ ನೇರ ಹೋಗಿ ನಳದ ಕೆಳಗೆ ಕೊಡ ಇಟ್ಟಳು. ನರಸಿಂಹನ ನೆನಪಿನಲ್ಲಿ ಖಾನಾವಳಿಯ ಇಬ್ಬರು ಮತ್ತೆ ತಾಟು ಎತ್ತಿಕೊಂಡು ಹೋದರು. ಇದನ್ನು ಮಾಡಿದವನು ನಾನು, ಎಂದುಕೊಂಡ. ಕೊಡ ತುಂಬುವವರೆಗೆ ಅವಳ ಸುತ್ತ ಇದ್ದ ಖಾಲಿ ಜಾಗವನ್ನೇ ನೋಡಿದ. ಯಾರೋ ಗೆರೆ ಕೊರೆದಿಟ್ಟ ಹಾಗೆ ಇತ್ತು.

ಕೊಡ ಹೊತ್ತು ಬಂದವಳು ಅದನ್ನು ಕಟ್ಟೆಯ ಮೇಲಿಟ್ಟು, “ನೋಡಿದ್ರೇನ್ರಿ?” ಎಂದು ಕಣ್ಣು ಮಿಟುಕಿಸಿದಳು. “ಅಡರಕಟ್ಟಿ ಬಿಟ್ಟು ಬಂದಾಗಿಂದ ಈ ಓಣ್ಯಾಗ ನಂಗ ಮೊದಲನೇ ಪಾಳಿ ಸಿಕ್ಕಿದ್ದಿಲ್ಲ.”

“ಸುಮಿತ್ರವ್ವಾರ, ನಗಬ್ಯಾಡ್ರಿ. ನನಗ ನೋಡ್ಲಿಕ್ಕಾಗವಲ್ದು.” ಹೊಂದಿಸಿಟ್ಟ ಮಾತೆಲ್ಲ ಹೋಗಿ, ಬಂದದ್ದು ಇಷ್ಟೇ. “ಇವತ್ತ ಸಂಜಿಗೆ ಕಟ್ಟಿಗೆ ಬರ್ರಿ. ಏನೂ ಆಗಿಲ್ಲ, ಅದು ನಾಟಕ ಅಂತ ಒಂದು ಮಾತು ಹೇಳ್ರಿ. ನಿಮ್ಮ ಬಾಯಿಂದ ಬಂದ್ರ ಜನ ನಂಬ್ತಾರ. ಹುಚ್ಚೀರಪ್ಪ ರೊಟ್ಟ್ಯರೆ ತಗೋತಾನ.”

“ಹುಚ್ಚೀರಪ್ಪ ತಾನ ಬರ್ತಾನ. ಅವನ ಹೊಸಾ ರೊಟ್ಟಿ ಚಪ್ಪಲಿ ಅಟ್ಟಿ ಆಗ್ಯಾವಂತ, ಗಿರಾಕಿ ಬೈಯಾಕತ್ಯಾರ.” ಅವಳು ಕೊಡದ ಬಾಯಿಗೆ ಅಂಟಿದ್ದ ಬೇವಿನ ಎಲೆಯನ್ನು ತೆಗೆದಳು. ಆಮೇಲೆ ದನಿ ಇಳಿಸಿದಳು. “ಮಾಸ್ತರ್ರ, ಒಬ್ರು ಬಂದಿದ್ರು ನಮ್ಮ ಮನಿಗೆ. ಹಿತ್ತಲ ಕಡಿಂದ. ಹೆಸರ ಕೇಳಬ್ಯಾಡ್ರಿ, ಹೇಳಬಾರದು ಅಂತ ನೀವ ಕಲಿಸೀರಿ.”

“ಕೇಳೂದಿಲ್ಲ.”

“ಅವರಿಗೆ ಮೊದಲ ಐತ್ರಿ. ಮುಂಡರಗಿ ಕಡೆ ಎಲ್ಲೋ ತೋರಿಸಿ, ಗುಳಗಿ ತಂದು, ಮನ್ಯಾಗೂ ಹೇಳದ ನುಂಗಾಕತ್ತಿದ್ರು. ನುಂಗಿದ ಮರುದಿನ ಉಚ್ಚಿ ಕೆಂಪಗ ಹೋತಂತ. ರಕ್ತ ಹೊಂಟೈತಿ, ಮುಗೀತು ನನ್ನ ಕಥಿ ಅಂತ ಅಂಜಿ ಗುಳಗಿ ಬಿಟ್ಟಬಿಟ್ಟಾರ. ಯಾರನ್ನ ಕೇಳಬೇಕು? ಕೇಳಿದ್ರ ಐತಿ ಅಂತ ಒಪ್ಪಿಕೊಂಡಂಗ ಆತಲ್ರಿ. ಅಷ್ಟರಾಗ ಈ ಕಟ್ಟಿ ಮ್ಯಾಲ ನನ್ನ ನೋಡ್ಯಾರ. ಬಂದು, ಬಾಗಿಲ ಹಿಂದ ನಿಂತು ಕೇಳಿದ್ರು, ಯವ್ವಾ, ನಿಂಗೂ ಕೆಂಪಗ ಹೋಗತೈತೇನು ಅಂತ.”

ನರಸಿಂಹನಿಗೆ ತಾನು ಆ ಪಾಠ ಹೇಳಿದ ಬೆಳಗು ನೆನಪಾಯಿತು. ಗುಳಿಗೆಯ ಬಣ್ಣದಿಂದ ಹಾಗಾಗುತ್ತದೆ, ರಕ್ತವಲ್ಲ, ಅಂಜಬೇಡಿ ಎಂದು ಜನರಿಗೆ ಹೇಳಿ, ಎಂದು ಕಲಿಸುವಾಗ ಹೆಂಗಸರು ಮುಸಿಮುಸಿ ನಕ್ಕು, ಅವನೂ ತೊದಲಿ, ಮುಂದಿನ ಚಿತ್ರಕ್ಕೆ ಓಡಿದ್ದ. “ನೀವೇನಂದ್ರಿ?”

“ನೀವು ಕಲಿಸಿದ್ದ ಅಂದೆ. ಅದು ಗುಳಗಿ ಬಣ್ಣ, ಅಂಜಬ್ಯಾಡಪಾ, ನುಂಗು ಅಂದೆ. ಅದರ ಮುಂದ ಒಂದ ಮಾತು ನಾ ಕೂಡಿಸಿದೆ, ‘ನಂಗೂ ಹಂಗ ಹೋಗತೈತಿ’ ಅಂತ.” ಅವಳು ಕೊಡದ ಬಾಯಿಯನ್ನು ಸೆರಗಿನಿಂದ ಒರೆಸಿದಳು. “ಆ ‘ನಂಗೂ’ ಕೇಳಿ ಮನಿಷ್ಯಾ ಬಾಗಿಲದಾಗ ಕುಂತ ಅತ್ತುಬಿಟ್ರು ಮಾಸ್ತರ್ರ. ಅವತ್ತಿಂದ ಗುಳಗಿ ಮತ್ತ ಶುರು ಮಾಡ್ಯಾರ. ಬಿಟ್ಟ ಹಿಡದ್ರ ಹೊಸಾಗಿ ಪರೀಕ್ಷೆ ಆಗಬೇಕು ಅಂತ ನೀವು ಹೇಳಿದ್ದು ನೆನಪಿತ್ತು, ಫರ್ಹಾನಾನ ಕಡಿಂದ ಅದನ್ನೂ ಮಾಡಿಸೀನಿ. ದಿನಾ ಮುಂಜಾನೆ ಏನರೆ ಕೇಳೂ ನೆವದಾಗ ನಮ್ಮ ಹಿತ್ತಲಕ ಬರ್ತಾರ. ನುಂಗಿದಿ ಏನ ಯವ್ವಾ ಅಂತಾರ. ನುಂಗಿದೆ, ನೀ ನುಂಗಿದಿ ಏನಪಾ ಅಂತೀನಿ. ಈ ಕಡಿ ನಂದು ಶೇಂಗಾದುಂಡಿ, ಆ ಕಡಿ ಅವರದು ಗುಳಗಿ.”

ಅವಳು ನಕ್ಕಳು. ನರಸಿಂಹನಿಗೂ ನಗು ಬಂತು. ಆಗ ಎದುರು ಸಾಲಿನ ಒಂದು ಮಗ್ಗ ನಿಂತಿತು. ಒಂದು ಕೆಮ್ಮು ಕೇಳಿಸಿತು; ಹೊಟ್ಟೆಯ ತಳದಿಂದ ಬಂದು, ಬಟ್ಟೆಯಲ್ಲಿ ಅದುಮಿದ್ದು. ಟವೆಲ್ಲಿನಲ್ಲಿ, ಎಂದುಕೊಂಡ ನರಸಿಂಹ, ಮತ್ತು ಆ ಕಡೆ ತಿರುಗಿ ನೋಡದಿರಲು ಬಹಳ ಕಷ್ಟಪಟ್ಟ. ಸುಮಿತ್ರವ್ವ ಅವನು ಕಷ್ಟಪಡುವುದನ್ನು ನೋಡಿದಳು. ಮಗ್ಗ ಮತ್ತೆ ಶುರುವಾಯಿತು, ಮೊದಲು ಒಂದು ಏಟು ತಪ್ಪಿ, ಆಮೇಲೆ ಸರಿಯಾಗಿ.

“ಈಗ ನಾ ಕಟ್ಟಿ ಹತ್ತಿ ನಂಗೇನೂ ಆಗಿಲ್ಲ ಅಂದೆ ಅಂತ ಇಟ್ಕೋರಿ,” ಅವಳು ಅಂದಳು. “ಅವರು ಏನಂದ್ಕೋಬೇಕು? ಹಂಗಾರ ಕೆಂಪಗ ಹೋಗೂದೂ ಸುಳ್ಳು, ಗುಳಗೀನೂ ಸುಳ್ಳು. ಗುಳಗಿ ತಿಪ್ಪಿಗೆ, ಅವರು ಕೊಟಗಿಗೆ.”

ಕೊಟಗಿ ಎಂಬ ಮಾತಿನ ಹಿಂದೆ, ಗೋಡೆಯ ಈಚೆ ಮಲಗಿ ಕೇಳಿಸಿಕೊಳ್ಳುತ್ತಿದ್ದ ಹೊಸ ಸೊಸೆಯನ್ನು ನರಸಿಂಹ ಈಗ ಮೊದಲ ಸಲ ಕಂಡ.

“ಎಷ್ಟು ದಿನ ಹಿಂಗ?”

“ಕ್ಯಾಲೆಂಡರ್ ಹಿಡಕೊಂಡು ಆರು ಸುತ್ತು ಅಂತ ನೀವ ಕಟ್ಟಿದ ನಾಟಕ ಅಲ್ರಿ ಇದು? ನಾಗರತ್ನಾ ಗಿರಗಿರ ತಿರಗಿ ಮುಗಸತಿದ್ಲು. ನಾ ಒಂದ ಸುತ್ತು ಒಂದ ತಿಂಗಳಾ ಸುತ್ತತೀನಿ. ಅವರು ಆರಾಮ ಆದ ದಿನ ನಾನೂ ಆರಾಮ ಆಗತೀನಿ. ಇದ ನಳದ ಮುಂದ ನಿಂತು, ನೋಡ್ರೇ, ಸಾಯಲಿಲ್ಲ ಸುಮಿತ್ರವ್ವ, ಕೊಡ ಸರಸ್ರಿ ಅಂತ ಜಗಳ ತಗಿತೀನಿ. ಮೊದಲನೇ ಪಾಳಿ ಹೋಗತೈತಿ, ಅದೊಂದು ಕೆಟ್ಟ ಅನಸತೈತಿ.”

ಬಿಸಿಲು ಬೇವಿನ ಮರದಿಂದ ಇಳಿದು ಕೊಡದ ಹೊಟ್ಟೆಗೆ ಬಂದಿತ್ತು. ಅವಳು ಹೇಳಿದ್ದರಲ್ಲಿ ಒಂದೂ ತಪ್ಪು ನರಸಿಂಹನಿಗೆ ಕಾಣಲಿಲ್ಲ. ಆದರೂ ಒಳಗೆ ಕಂಬಕ್ಕೊರಗಿ ಹಸಿದು ಕೂತಿದ್ದವನೊಬ್ಬ ಬಿಡಲೊಲ್ಲ. ಮನಿಗೆ ಹೋಗಿ ಹೆಂಗ ಉಣ್ತೀರಿ, ಎಂದು ಅಪ್ಪ ಕತ್ತಲೆಯಲ್ಲಿ ಕೇಳುತ್ತಲೇ ಇದ್ದರು. ಇನ್ನು ಎಷ್ಟೋ ಹುಣ್ಣಿಮೆ ಅಮಾವಾಸ್ಯೆ ಮಂಗಳವಿಲ್ಲದ ಕಥೆಯೊಂದನ್ನು ಎದೆಯಲ್ಲಿ ಇಟ್ಟುಕೊಂಡು ಚಹಾ ಕುಡಿಯುವುದು ಹೇಗೆ?

“ಹಂಗಾರ ಒಂದ ಕೆಲಸ ಮಾಡ್ರಿ,” ಎಂದ. ತನ್ನ ದನಿ ತನಗೇ ಹುಡುಗನದಾಗಿ ಕೇಳಿಸಿತು. “ಏನೂ ಹೇಳಬ್ಯಾಡ್ರಿ. ನಾಟಕ ಅಂತನೂ ಅನ್ನಬ್ಯಾಡ್ರಿ. ಸಂಜಿಗೆ ಸುಮ್ಮ ಕಟ್ಟಿ ಮ್ಯಾಲೆ ಬಂದು ನಿಂತು ಒಮ್ಮೆ ನಗರಿ. ಅಷ್ಟೇ. ನಾ ಒಂದು ಮಂಗಳ ಹಾಡಿಬಿಡ್ತೀನಿ. ಓಣಿ ಸಲುವಾಗಿ ಅಲ್ಲ. ನನ್ನ ಸಲುವಾಗಿ.”

ಸುಮಿತ್ರವ್ವ ಅವನ ಮುಖವನ್ನು ನೋಡಿದಳು. ರೊಟ್ಟಿ ಬೆಂದಿದೆಯೋ ಇಲ್ಲವೋ ಎಂದು ಹಂಚಿನ ಮೇಲೆ ನೋಡುವ ಹಾಗೆ, ಅವಸರವಿಲ್ಲದೆ, ಅಕ್ಕರೆಯಿಂದಲೇ ನೋಡಿದಳು. ಆಮೇಲೆ ಕೊಡವನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಳು.

“ಒಲ್ಲೇರಿ ಮಾಸ್ತರ್ರ,” ಅಂದಳು. “ಆರು ಸುತ್ತು ಮುಗಿಯೂ ಮಟ ಮಂಗಳ ಇಲ್ಲ. ನಾ ಬರೂದಿಲ್ಲ.”